ಆಣೆ ಇಡಬಾರದ ಗಾಡಿ

ಶುಕ್ರವಾರ ಸಂಜೆ ಆರೂವರೆಗೆ ಸಿಲ್ಕ್ ಬೋರ್ಡ್ ಜಂಕ್ಷನ್ನನ್ನು ಒಂದು ಸಲವೂ ಬ್ರೇಕ್ ತುಳಿಯದೆ ಮೂರೂವರೆ ನಿಮಿಷದಲ್ಲಿ ದಾಟಿದ ಗಂಡಸು ಬೆಂಗಳೂರಿನಲ್ಲಿ ಒಬ್ಬನೇ ಒಬ್ಬ. ಅವನ ಹೆಸರು ಶಶಿಕಾಂತ್. ಟ್ರಾಫಿಕ್ ಪೊಲೀಸಿನವನು ಸೀಟಿ ಊದುವುದನ್ನು ಮರೆತು ಸೆಲ್ಯೂಟ್ ಹೊಡೆದನಂತೆ. ಬಿಟಿಎಂ ಲೇಔಟ್ ಕಡೆಯಿಂದ ನುಗ್ಗುತ್ತಿದ್ದ ಬಸ್ಸೊಂದು ತಾನಾಗಿ ಹಿಂದಕ್ಕೆ ಸರಿದು ದಾರಿ ಬಿಟ್ಟಿತಂತೆ. ನಂಬದವರು ಜೆ.ಪಿ. ನಗರ ಆರನೇ ಹಂತಕ್ಕೆ ಬಂದು ಅವನ ಸ್ಟೇಷನ್ ವ್ಯಾಗನ್ ನೋಡಬಹುದಿತ್ತು. ಮುಂದೆ ನಿಂತರೆ ಸಾಧಾರಣ ಕಾರು. ಪಕ್ಕದಲ್ಲಿ ನಡೆಯತೊಡಗಿದರೆ ಮುಗಿಯುವುದೇ ಇಲ್ಲ. ಹಿಂದಿನ ಡಿಕ್ಕಿಯಲ್ಲಿ ಒಂದು ಮದುವೆಯ ಪಂಕ್ತಿ ಕೂರಿಸಬಹುದು, ಬಡಿಸುವವರಿಗೂ ಓಡಾಡಲು ಜಾಗ ಉಳಿಯುತ್ತದೆ, ಎಂದು ಅವನು ಹೇಳುತ್ತಿದ್ದ.

ಶಶಿಕಾಂತನ ಉದ್ಯೋಗ ಅಡುಗೆಮನೆಯ ಚಿಮಣಿ ಮಾರುವುದು. ಮಾತು ಮುಗಿಸುವ ರೀತಿಯೂ ಅಲ್ಲಿಯೇ ಕಲಿತದ್ದು. ಕೇಳುವವರ ಕಣ್ಣಿನಲ್ಲಿ ಚೂರು ಅನುಮಾನ ಕಂಡರೆ ಸಾಕು, ‘ನನ್ನ ಮಗಳಾಣೆ ಸಾರ್’ ಎಂದುಬಿಡುತ್ತಿದ್ದ. ಮಗಳು ಪಕ್ಕದಲ್ಲಿದ್ದರೆ ಅವಳ ತಲೆಯ ಮೇಲೆ ಕೈಯನ್ನೂ ಇಡುತ್ತಿದ್ದ. ಬೇರೆಯವರು ಗಂಟಲು ಸರಿಮಾಡಿಕೊಳ್ಳುವಷ್ಟು ಸಲೀಸಾಗಿ ಅವನು ಆಣೆ ಇಡುತ್ತಿದ್ದ. ಏಳು ವರ್ಷದ ಚೈತ್ರ ಅಪ್ಪನ ಅಂಗೈಗೆ ತಲೆ ಬಗ್ಗಿಸುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು.

ಗಾಡಿ ಕೊಂಡದ್ದು ಜರಗನಹಳ್ಳಿಯ ಬೈರಣ್ಣನಿಂದ. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬೈರಣ್ಣ ಮೂರು ಅಂತಸ್ತಿನ ಬಾಡಿಗೆ ಮನೆಗಳನ್ನು ಬೆಳೆದಿದ್ದ. ಆ ಕಟ್ಟಡದ ಹಿಂದೆ, ನೀಲಿ ಟಾರ್ಪಾಲಿನ ಕೆಳಗೆ ವ್ಯಾಗನ್ ನಿಂತಿತ್ತು. ಟಾರ್ಪಾಲು ಎಳೆದಾಗ ಹರಳೆಣ್ಣೆಯ ವಾಸನೆ ಬಂತು, ಅದರ ಹಿಂದೆಯೇ ಕೂದಲು ಸುಟ್ಟ ಕಮಟು. ಗಾಡಿಯ ಮೇಲೆ ಒಂದು ಬೆಕ್ಕಿನ ಹೆಜ್ಜೆಯೂ ಇರಲಿಲ್ಲ.

ಜಗುಲಿಯ ಮೇಲೆ ಇಬ್ಬರು ಹೆಂಗಸರು ಅವರೆಕಾಯಿ ಬಿಡಿಸುತ್ತಿದ್ದರು. ಒಬ್ಬಳು ಬೈರಣ್ಣನ ಅಕ್ಕ ಕೆಂಪಕ್ಕ. ಇನ್ನೊಬ್ಬಳು ಅವನ ಹೆಂಡತಿ ಲಕ್ಷ್ಮಮ್ಮ. ಲಕ್ಷ್ಮಮ್ಮನ ಮೊಣಕೈ ತಾಗಿ ಸ್ಟೀಲಿನ ತಟ್ಟೆಯೊಂದು ಜಗುಲಿಯಿಂದ ಕಲ್ಲುಚಪ್ಪಡಿಯ ಮೇಲೆ ಬಿತ್ತು. ಸದ್ದಾಗಲಿಲ್ಲ. ಶಶಿಕಾಂತ್ ಅದನ್ನು ಗಮನಿಸಲಿಲ್ಲ. ಅವನ ಬಾಯಿ ನಡೆಯುವಾಗ ಕಿವಿ ನಿಂತಿರುತ್ತಿತ್ತು.

“ಗಾಡಿ ತಗಂಡೋಯ್ತಿದೀಯಾ ಸಾಮಿ?” ಕೆಂಪಕ್ಕ ಕೇಳಿದಳು.

“ತಗೊಂಡೋಗ್ತಿಲ್ಲಮ್ಮ, ಉದ್ಧಾರ ಮಾಡ್ತಿದೀನಿ.”

“ಒಂದ್ ಮಾತು. ಅದ್ರೊಳಗೆ ಕುಂತ್ಕಂಡು ಆಣೆ ಇಡಬ್ಯಾಡ.”

“ಏನಿಡಬಾರ್ದು?”

“ಆಣೆ. ಸುಳ್ಳು ಏಳ್ಕ, ಯಾರ್ ಏಳಲ್ಲ? ಆಣೆ ಮಾತ್ರ ಬ್ಯಾಡ. ಡಿಕ್ಕಿ ತಳದಾಗೆ ಸ್ಟೆಪ್ನಿ ಪಕ್ಕ ಒಂದ್ ಗಂಟೈತೆ. ಅದ ಮುಟ್ಟಬ್ಯಾಡ.”

“ಏಯ್ ಅಕ್ಕ, ಒಳೀಕೋಗು ಸುಮ್ಕೆ!” ಬೈರಣ್ಣ ಗದರಿದ. “ವಯಸ್ಸಾಗೈತೆ ಸಾರ್, ಏನೇನೋ ಅಂತದೆ. ನೀವ್ ತಲೆ ಕೆಡಿಸ್ಕಬ್ಯಾಡಿ.” ಹಾಗೆಂದವನು ಬೀಗದ ಕೈಯನ್ನು ಶಶಿಕಾಂತನ ಕೈಗೆ ಕೊಡದೆ ಜಗುಲಿಯ ಅಂಚಿನಲ್ಲಿಟ್ಟು, ಪಂಚೆಗೆ ಬೆರಳು ಒರೆಸಿಕೊಂಡ.

“ಅಜ್ಜಿ, ನಾನು ಚಿಮಣಿ ಮಾರೋನು,” ಎಂದು ಶಶಿಕಾಂತ್ ನಕ್ಕ. “ಹೊಗೆ ಅಂದ್ರೆ ನಂಗೆ ಭಯ ಇಲ್ಲ. ದೆವ್ವ ಬಂದ್ರೆ ಅದಕ್ಕೂ ಒಂದು ಚಿಮಣಿ ಮಾರಿ ಕಳಿಸ್ತೀನಿ.”

 ಲಕ್ಷ್ಮಮ್ಮ ಏನೋ ಹೇಳಲು ಬಾಯಿ ತೆರೆದಳು. ತುಟಿಗಳು ಅಲ್ಲಾಡಿದವು, ಗಂಟಲಿನ ನರ ಉಬ್ಬಿತು, ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಶಶಿಕಾಂತ್ ಗಾಡಿ ಸ್ಟಾರ್ಟ್ ಮಾಡಿದ್ದ.

ಮೊದಲ ಆಣೆ ಆ ಭಾನುವಾರವೇ ಬಿತ್ತು. ಹೆಂಡತಿ ಶುಭಾ, ಮಗಳು, ಅವನು ಸಾರಕ್ಕಿ ಮಾರ್ಕೆಟ್ಟಿಗೆ ಹೊರಟಿದ್ದರು. ಶುಭಾ ಮೂಗಿಗೆ ಸೆರಗು ಹಿಡಿದು, “ಯಾರದ್ರೀ ಈ ಗಾಡಿ? ಒಂಥರಾ ವಾಸ್ನೆ,” ಎಂದಳು.

“ಗಿರಿನಗರದ ರಿಟೈರ್ಡ್ ಡಾಕ್ಟರ್‌ದು. ವಾರಕ್ಕೊಂದು ಸಲ ಕ್ಲಬ್ಬಿಗೆ ಹೋಗಿ ಬರೋಕೆ ಮಾತ್ರ ತೆಗೀತಿದ್ರಂತೆ. ಅದು ಡೆಟಾಲ್ ವಾಸ್ನೆ.”

“ಡೆಟಾಲ್ ಹಿಂಗಿರಲ್ಲ. ನಿಜ ಹೇಳಿ.”

ಅವನು ಎಡಗೈ ಹಿಂದಕ್ಕೆ ಚಾಚಿ ಚೈತ್ರಳ ತಲೆ ಮುಟ್ಟಿದ. “ಇವಳಾಣೆ.”

ಮನೆಗೆ ಮರಳಿ ಚೈತ್ರ ಲಿಫ್ಟಿನಿಂದ ಬಾಗಿಲವರೆಗೆ ಓಡಿದಾಗ ಅವಳ ಕಾಲಿನ ಬೆಳ್ಳಿ ಗೆಜ್ಜೆ ಸದ್ದು ಮಾಡಲಿಲ್ಲ. ಕಸ ಸೇರಿಕೊಂಡಿರಬೇಕು ಎಂದು ಶುಭಾ ಬಿಸಿನೀರಿನಲ್ಲಿ ತೊಳೆದಳು. ಅಲ್ಲಾಡಿಸಿದಳು. ಅವಳ ಕೈಯಲ್ಲಿ ಗಲಗಲ ಎಂದಿತು. ಮಗಳ ಕಾಲಿಗೆ ಕಟ್ಟಿದರೆ ಸುಮ್ಮನಾಯಿತು. ಎರಡು ದಿನದ ಮೇಲೆ, ಮಗಳು ಪಕ್ಕದಲ್ಲಿ ಬಂದು ನಿಂತದ್ದು ತನಗೆ ಗೊತ್ತೇ ಆಗುತ್ತಿಲ್ಲ ಎಂದು ಶುಭಾಗೆ ಹೊಳೆಯಿತು. ಚೈತ್ರ ಬಾಗಿಲು ತಟ್ಟಿದರೆ ಕೇಳಿಸುತ್ತಿರಲಿಲ್ಲ. ಕುರ್ಚಿ ಎಳೆದರೆ ಕೇಳಿಸುತ್ತಿರಲಿಲ್ಲ.

ಎರಡನೆಯದು ಗಂಟಿನ ಆಣೆ. ಡಿಕ್ಕಿಯ ಮ್ಯಾಟಿನ ಕೆಳಗೆ, ಸ್ಟೆಪ್ನಿಯ ಗುಳಿಯಲ್ಲಿ, ಕಪ್ಪು ಬಟ್ಟೆಯ ಗಂಟನ್ನು ಶುಭಾಳೇ ಮೊದಲು ಕಂಡದ್ದು. ಬಟ್ಟೆ ಹರಿದಲ್ಲಿ ನಿಂಬೆಹಣ್ಣೊಂದು ಇಣುಕುತ್ತಿತ್ತು. ಮೈತುಂಬ ಸೂಜಿ. ಎಷ್ಟು ಕಾಲದಿಂದ ಇತ್ತೋ, ಆದರೂ ಆಗತಾನೆ ಗಿಡದಿಂದ ಕಿತ್ತಷ್ಟು ಹಸಿರು. ಸುತ್ತ ಸಾಸಿವೆ, ತಾಮ್ರದ ತಗಡು, ಯಾರದೋ ಉದ್ದ ಕೂದಲು. ಅದನ್ನು ತೆಗೆಯುವವರೆಗೆ ತಾನು ಗಾಡಿ ಹತ್ತುವುದಿಲ್ಲವೆಂದು ಅವಳು ಹಟ ಹಿಡಿದಳು.

ಮರುದಿನ ಶಶಿಕಾಂತ್ ಇಡೀ ಅಪಾರ್ಟ್‌ಮೆಂಟಿಗೆ ಸಾರಿದ: ಆ ನಿಂಬೆಹಣ್ಣನ್ನು ಹಿಂಡಿ, ಏಲಕ್ಕಿ ಹಾಕಿ ಶರಬತ್ತು ಮಾಡಿಕೊಂಡು ಕುಡಿದೆ. ಮಂತ್ರಿಸಿದ ಹಣ್ಣಿನಲ್ಲಿ ರಸ ಜಾಸ್ತಿ, ಎರಡು ಲೋಟ ಆಯಿತು. ಸೂಜಿಗಳನ್ನು ಎರಡನೇ ಮಹಡಿಯ ಟೈಲರಿಂಗ್ ಆಂಟಿಗೆ ಉಡುಗೊರೆ ಕೊಟ್ಟೆ. ಶುಭಾ ನಂಬಲಿಲ್ಲ. ಮಗಳನ್ನು ಸ್ಕೂಲಿಗೆ ಬಿಡಲು ಗಾಡಿ ಹತ್ತುವಾಗ, “ತೆಗೆದ್ರಾ ಇಲ್ವಾ? ಅದೊಂದು ಹೇಳಿ,” ಎಂದಳು.

“ತೆಗೆದೆ ಕಣೇ. ಚೈತ್ರನಾಣೆ.”

ಚೈತ್ರ ಆಗ ಮಗ್ಗಿ ಹೇಳುತ್ತಿದ್ದಳು. ಏಳು ಆರಲ ನಲವತ್ತೆರಡು. ಏಳು ಏಳಲ. ಮುಂದಿನದು ಬರಲಿಲ್ಲ. ಮರೆತಳೆಂದು ಶುಭಾ ಹಿಂದಿರುಗಿ ನೋಡಿದರೆ ಮಗಳ ತುಟಿಗಳು ಅಲ್ಲಾಡುತ್ತಲೇ ಇದ್ದವು. ನಲವತ್ತೊಂಬತ್ತು, ಐವತ್ತಾರು, ಅರವತ್ತಮೂರು. ತುಟಿ ನೋಡಿ ಲೆಕ್ಕ ಹಿಡಿಯಬಹುದಿತ್ತು. ದನಿ ಮಾತ್ರ ಇರಲಿಲ್ಲ.

ಗಂಟಲಿನ ಡಾಕ್ಟರು ಟಾರ್ಚು ಬಿಟ್ಟು ನೋಡಿ, ಊತ ಇಲ್ಲ, ಕೆಂಪಿಲ್ಲ, ಒಂದು ವಾರ ಮಾತಾಡಿಸಬೇಡಿ ಎಂದರು. ಶಶಿಕಾಂತ್ ಎಲ್ಲರಿಗೂ ಹೇಳಿಕೊಂಡ: ದೊಡ್ಡ ಗಾಯಕಿಯರಿಗೆ ಮಾತ್ರ ಬರುವ ಕಾಯಿಲೆಯಂತೆ ಇದು.

ಮೂರನೇ ದಿನ, ನಡು ಮಧ್ಯಾಹ್ನ, ಇಂಟರ್‌ಕಾಮ್ ಹೊಡೆಯಿತು. ವಾಚ್‌ಮನ್ ಹಣಮಪ್ಪ. ಅವನ ಉಸಿರು ಮೇಲಕ್ಕೆ ಹತ್ತಿತ್ತು.

“ಸಾರ್, ಏನ್ ಸಾರ್ ನೀವು! ಪಾಪೂನ ಗಾಡಿ ಒಳಗೇ ಬಿಟ್ಟು ಲಾಕ್ ಮಾಡ್ಕೊಂಡು ಹೋಗಿದೀರಲ್ಲ! ಬೇಗ ಬನ್ನಿ, ಸೆಖೆ ಸಾರ್ ಇಲ್ಲಿ.”

“ಯಾವ ಪಾಪು?”

“ನಿಮ್ಮ ಚೈತ್ರಮ್ಮ. ಹಿಂದೆ ಡಿಕ್ಕೀಲಿ ಕುಣೀತೈತೆ. ಗೆಜ್ಜೆ ಕೇಳ್ತೈತೆ. ಈಗ ಮಗ್ಗಿ ಹೇಳ್ತೈತೆ.”

ಶಶಿಕಾಂತ್ ತಲೆಯೆತ್ತಿದ. ಎದುರಿಗೆ ಸೋಫಾದ ಮೇಲೆ ಚೈತ್ರ ಕೂತು ಬಣ್ಣ ತುಂಬುತ್ತಿದ್ದಳು. ಪೆನ್ಸಿಲ್ ಕಾಗದದ ಮೇಲೆ ಸದ್ದಿಲ್ಲದೆ ಉಜ್ಜುತ್ತಿತ್ತು.

ಅವನು ಕೆಳಗಿಳಿದ. ಬೇಸ್‌ಮೆಂಟಿನಲ್ಲಿ ಹಗಲಿಗೂ ಟ್ಯೂಬ್‌ಲೈಟ್ ಬೇಕು. ಅದರಲ್ಲಿ ಅರ್ಧ ಕೆಟ್ಟಿದ್ದವು. ಹಣಮಪ್ಪ ಕಂಬದ ಹಿಂದೆ ನಿಂತು ಬೆರಳು ತೋರಿಸಿದ. ವ್ಯಾಗನ್ನಿನ ಗಾಜು ಒಳಗಿನಿಂದ ಮಂಜು ಹಿಡಿದಿತ್ತು. ಏಳು ಏಳಲ ನಲವತ್ತೊಂಬತ್ತು, ಎಂದಿತು ಒಳಗಿನಿಂದ ಅವನ ಮಗಳ ದನಿ. ಏಳು ಎಂಟಲ ಐವತ್ತಾರು.

ಶಶಿಕಾಂತ್ ಬಾನೆಟ್ಟಿಗೆ ಎರಡು ಏಟು ಬಿಗಿದು, ‘ಸುಮ್ನಿರು’ ಎಂದು ಗದರಿದೊಡನೆ ದನಿ ನಿಂತಿತು. ಹೀಗೆಂದು ಅವನೇ ಆಮೇಲೆ ಹೇಳಿದ. ಹಣಮಪ್ಪನನ್ನು ಕೇಳಿದರೆ, ಸಾರ್ ಮೆಟ್ಟಿಲನ್ನು ಎರಡೆರಡಾಗಿ ಹಾರಿಕೊಂಡು ಹೋಗಿದ್ದು ನಾನು ನೋಡಿದೆ ಎನ್ನುತ್ತಿದ್ದ.

ಮರುದಿನವೇ ಶುಭಾಳ ತಂದೆ ರಾಮಪ್ರಸಾದರು ತೀರಿಹೋದರು. ಜಯನಗರದಲ್ಲಿ ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟ ಮೇಷ್ಟ್ರು. ವಯಸ್ಸಾಗಿತ್ತು, ನಿದ್ದೆಯಲ್ಲೇ ಹೋದರು. ಅವರ ಸಾವಿಗೂ ಗಾಡಿಗೂ ಸಂಬಂಧವಿರಲಿಲ್ಲ. ಅವರು ಜೀವಮಾನದಲ್ಲಿ ಬಾಯಿಬಿಟ್ಟು ಕೇಳಿದ್ದು ಒಂದೇ: ಅಪ್ಪ ಅಮ್ಮನ ಅಸ್ಥಿ ಬಿಟ್ಟ, ಶ್ರೀರಂಗಪಟ್ಟಣದ ಬಳಿ ಕಾವೇರಿಯ ಪಶ್ಚಿಮವಾಹಿನಿಯಲ್ಲೇ ತಮ್ಮದನ್ನೂ ಬಿಡಬೇಕು. ಗಂಡುಮಕ್ಕಳಿಲ್ಲದ ಮನೆ. ಅತ್ತೆ ಸೀತಮ್ಮ ಅಳಿಯನ ಮುಂದೆ ಬಂದು ನಿಂತರು. “ಶಶಿಕಾಂತ್, ಇದೊಂದು ಮಾಡ್ಕೊಡಿ. ಇನ್ನೇನೂ ಕೇಳಲ್ಲ.”

“ಇದೇನ್ ಕೇಳ್ತೀರ ಅತ್ತೆ! ಯಾರೂ ಜೊತೆಗೆ ಬರೋದು ಬೇಡ. ನಾನೊಬ್ಬನೇ ಸಾಕು.”

ಮೂರನೇ ದಿನ ಬನಶಂಕರಿ ಚಿತಾಗಾರದಲ್ಲಿ ಅಸ್ಥಿಯ ಮಡಕೆಗೆ ಕೆಂಪು ಬಟ್ಟೆ ಕಟ್ಟಿ ವ್ಯಾಗನ್ನಿನಲ್ಲಿಟ್ಟುಕೊಂಡು ಅವನು ಹೊರಟ. ಸಂಜೆಗೆ ಮರಳಿದಾಗ ವರ್ಣನೆ ಸಿದ್ಧವಾಗಿತ್ತು. ಶ್ರೀರಂಗಪಟ್ಟಣದಲ್ಲಿ ಆ ದಿನ ಕಾವೇರಿ ಎಂದೂ ಇಲ್ಲದಷ್ಟು ತುಂಬಿ ಹರಿಯುತ್ತಿತ್ತಂತೆ. ಮಂತ್ರ ಹೇಳುವಾಗ ಪುರೋಹಿತರ ಕಣ್ಣಲ್ಲೇ ನೀರು ಬಂತಂತೆ. ಗರುಡವೊಂದು ಮೂರು ಸುತ್ತು ಹಾಕಿತಂತೆ. ಮಡಕೆ ಮುಳುಗಿದ ಜಾಗದಿಂದ ಕಮಲದ ಹೂವೊಂದು ಮೇಲೆ ಬಂತಂತೆ.

ತೀರಿಹೋದವರಿಗೆ ನೀರು ಬಿಡುವ ಧರ್ಮೋದಕಕ್ಕೆಂದು ಮಠಕ್ಕೆ ಹೋಗುವ ದಿನ ಎಲ್ಲರೂ ಗಾಡಿಯಲ್ಲಿದ್ದರು. ಸೀತಮ್ಮ ಮುಂದಿನ ಸೀಟಿನಲ್ಲಿ, ಹಣೆಯ ಕುಂಕುಮ ಅಳಿಸಿದ ಜಾಗವನ್ನು ಬೆರಳಿನಿಂದ ಮುಟ್ಟಿಕೊಳ್ಳುತ್ತ ಕೂತಿದ್ದರು.

“ಕಾವೇರೀಲೇ ಬಿಟ್ರಿ ಅಲ್ವಾ, ಶಶಿಕಾಂತ್?”

“ಹೌದತ್ತೆ.”

“ಗರುಡ, ಕಮಲ ಎಲ್ಲ ಇರ್ಲಿ. ನೀವು ಹೇಳೋ ರೀತಿ ನಂಗೊತ್ತು. ಅವರು ಕಾವೇರಿ ಸೇರಿದ್ರಾ? ಅಷ್ಟು ಹೇಳಿ.”

 ಕೆಂಪಕ್ಕನ ಮಾತು ನೆನಪಾಯಿತೋ ಇಲ್ಲವೋ. ಅತ್ತೆ ಅವನನ್ನೇ ನೋಡುತ್ತಿದ್ದರು. ಶುಭಾ ನೋಡುತ್ತಿದ್ದಳು. ಅವನ ಕೈ ತಾನಾಗಿ ಹಿಂದಕ್ಕೆ ಹೋಯಿತು. ಚೈತ್ರ ಅಭ್ಯಾಸದಂತೆ ತಲೆ ಬಗ್ಗಿಸಿದಳು.

“ನನ್ನ ಮಗಳಾಣೆ ಅತ್ತೆ. ಕಾವೇರೀಲೇ.”

ಮರುದಿನ ಬೆಳಗ್ಗೆ ಚೈತ್ರ ಏಳಲಿಲ್ಲ. ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. ತುಟಿ ನೇರಳೆಗೆ ತಿರುಗಿತ್ತು. ಮೂಗಿನ ಬಳಿ ಬೆರಳಿಟ್ಟರೆ ಉಸಿರು ಬಿಸಿಯಾಗಿ ತಾಗುತ್ತಿತ್ತು, ಕಿವಿ ಇಟ್ಟರೆ ಏನೂ ಇಲ್ಲ. ಆಸ್ಪತ್ರೆಯ ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟರು. ತೆಗೆದು ಬೆರಳಿನಿಂದ ತಟ್ಟಿ ನೋಡಿದರು. ನರ್ಸಿನಿಂದ ಇನ್ನೊಂದು ತರಿಸಿದರು. ಅದನ್ನೂ ಇಟ್ಟರು. ಮಣಿಕಟ್ಟು ಹಿಡಿದರು, ನಾಡಿ ಇತ್ತು, ಕ್ಷೀಣವಾಗಿ. ಮತ್ತೆ ಎದೆಗೆ ಕಿವಿಗೊಟ್ಟರು. “ಹೃದಯ ಬಡೀತಿದೆ,” ಎಂದರು. ಆಮೇಲೆ, ತಮಗೆ ತಾವೇ ಹೇಳಿಕೊಂಡಂತೆ, “ಆದ್ರೆ ಯಾಕೆ ಕೇಳಿಸ್ತಿಲ್ಲ?”

ಮಧ್ಯಾಹ್ನ ಕಳೆಯುವವರೆಗೆ ಪರೀಕ್ಷೆಗಳನ್ನು ಮಾಡಿ, ದೊಡ್ಡ ಆಸ್ಪತ್ರೆಗೆ ಬರೆದುಕೊಡುತ್ತೇನೆಂದು ಅವರು ಪೆನ್ನು ಹುಡುಕುತ್ತಿರುವಾಗ ಶಶಿಕಾಂತ್ ಅಲ್ಲಿರಲಿಲ್ಲ. ಆಟೋ ಹಿಡಿದು ಜರಗನಹಳ್ಳಿಗೆ ಓಡಿದ್ದ.

ಕೆಂಪಕ್ಕ ಅದೇ ಜಗುಲಿಯ ಮೇಲೆ ಲಕ್ಷ್ಮಮ್ಮನಿಗೆ ತಲೆ ಬಾಚುತ್ತಿದ್ದಳು. ಅವನ ಮುಖ ನೋಡಿದ ಕೂಡಲೇ ಬಾಚಣಿಗೆ ಕೆಳಗಿಟ್ಟಳು.

“ಯಾರ್ ಮ್ಯಾಲೆ ಇಟ್ಟೆ?”

“ಮಗಳ ಮೇಲೆ.”

“ಎಷ್ಟು?”

ಅವನು ಮೂರು ಬೆರಳು ತೋರಿಸಿದ. ಮುದುಕಿ ಎದೆ ಹಿಡಿದುಕೊಂಡಳು.

“ನಾನೇ ಮಾಡ್ಸಿದ್ದು ಕಣಪ್ಪ. ನಮ್ಮಪ್ಪನ ಹೊಲದಾಗೆ ನನ್ನ ಪಾಲ ಈ ನನ್ನ ತಮ್ಮ ಮಾರ್ಕಂಡ. ಕೇಳಕ್ಕೋದ್ರೆ ಆ ಗಾಡೀಲಿ ಕುಂತ್ಕಂಡು, ಮಾರಿಲ್ಲ ಅಂತ ಹೆಂಡ್ತಿ ಮ್ಯಾಲೆ ಆಣೆ ಇಟ್ಟ. ನಂಗೆ ಹೊಟ್ಟೆ ಉರೀತು. ಕನಕಪುರದಾಚೆ ಒಬ್ಬ ಮಾಟಗಾರನ ತಾವ ಓದೆ. ಆ ಗಾಡೀಲಿ ಸುಳ್ಳಾಣೆ ಇಟ್ಟ ಬಾಯಿ ಬಿದ್ದೋಗ್ಲಿ ಅಂದೆ. ಅವನು, ‘ಆಣೆ ಯಾರ ಮ್ಯಾಲೆ ಇಟ್ಟವ್ನೆ?’ ಅಂದ. ಲಕ್ಷ್ಮಿ ಮ್ಯಾಲೆ ಅಂದೆ. ನಕ್ಕ. ಯಾಕ್ ನಕ್ಕ ಅಂತ ಆಗ ಗೊತ್ತಾಗ್ಲಿಲ್ಲ.” ಅವಳು ಲಕ್ಷ್ಮಮ್ಮನ ಹೆಗಲ ಮೇಲೆ ಕೈಯಿಟ್ಟಳು. “ಗಂಟು ಇಟ್ ಮ್ಯಾಲೆ ಎರಡು ಸಲ ಆಣೆ ಇಟ್ಟ. ಒಂದಕ್ಕೆ ಇವಳ ಹೆಜ್ಜೆ ಸದ್ದು ಓಯ್ತು. ಎರಡಕ್ಕೆ ಮಾತೋಯ್ತು. ಮೂರಕ್ಕೆ ಉಸಿರು.”

“ಗಂಟು ತೆಗೆದು ಎಸೆದ್ರೆ?”

“ತೆಗೆದು ಕೆರೇಗ್ ಹಾಕ್ದೆ. ಬೆಳಗ್ಗೆ ಅಲ್ಲೇ ಇತ್ತು.”

“ಏನಾದ್ರೂ ದಾರಿ ಇರ್ಬೇಕಲ್ಲಮ್ಮ! ಎಷ್ಟು ದೊಡ್ಡ ಹೋಮ ಆದ್ರೂ ಮಾಡಿಸ್ತೀನಿ.”

“ಹೋಮ ಯಾವ್ದೂ ಬ್ಯಾಡ. ಯಾರ ಮುಂದೆ ಆಣೆ ಇಟ್ಟೆಯೋ ಅವರನ್ನ ಅದೇ ಗಾಡೀಲಿ ಕುಂಡ್ರಿಸ್ಕಂಡು ಒಪ್ಕ. ಅಷ್ಟೇಯ. ಇವನಿಗೂ ಏಳ್ದೆ. ಒಪ್ಕಂಡ್ರೆ ನನ್ನ ಪಾಲಿನ ದುಡ್ಡು ಕೊಡಬೇಕಾಯ್ತದೆ ಅಂತ ಗಾಡೀನೇ ಮಾರ್ದ.” ಕೆಂಪಕ್ಕ ಕನಕಪುರ ರಸ್ತೆಯ ಕಡೆ, ಇಳಿಯುತ್ತಿದ್ದ ಬಿಸಿಲಿನ ಕಡೆ ನೋಡಿದಳು. “ಹೊತ್ತು ಮುಳುಗೋದ್ರೊಳಗೆ ಓಗು. ಬರೀ ನಿಜ ಏಳು. ಬಣ್ಣ ಕಟ್ಟಬ್ಯಾಡ.”

ಆಂಬುಲೆನ್ಸ್ ಬೇಡ, ನಮ್ಮ ಗಾಡಿಗೇ ಬನ್ನಿ, ಕಾಲಿಗೆ ಬೀಳ್ತೀನಿ, ಎಂದು ಅವನು ಹೆಂಡತಿಯನ್ನೂ ಅತ್ತೆಯನ್ನೂ ಮಗುವಿನೊಡನೆ ಆಸ್ಪತ್ರೆಯಿಂದ ಆಟೋದಲ್ಲಿ ಕರೆತಂದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿಸಿದಾಗ ಐದೂವರೆ. ಕರೆಂಟು ಹೋಗಿತ್ತು. ರ‍್ಯಾಂಪಿನ ತುದಿಯಲ್ಲಿ ಮಾತ್ರ ಒಂದು ಹಳದಿ ಬೆಳಕಿನ ಪಟ್ಟಿ, ಅದೂ ಸಣ್ಣಗಾಗುತ್ತಿತ್ತು. ಚೈತ್ರ ಅಮ್ಮನ ತೊಡೆಯ ಮೇಲೆ, ಹಿಂದಿನ ಸೀಟಿನಲ್ಲಿ. ಅವಳ ಪಕ್ಕ ಸೀತಮ್ಮ. ಶಶಿಕಾಂತ್ ಮುಂದೆ ಕೂತು ಬಾಗಿಲು ಎಳೆದುಕೊಂಡ.

ಕತ್ತಲು ಒಳಕ್ಕೆ ಬಂದು ಕೂತಿತು. ಹರಳೆಣ್ಣೆ. ಸುಟ್ಟ ಕೂದಲು. ಸಾಸಿವೆಯ ಕಾರ ಮೂಗಿಗೆ ಹತ್ತಿತು. ಆಮೇಲೆ ಡಿಕ್ಕಿಯಲ್ಲಿ ಗೆಜ್ಜೆ ಅಲ್ಲಾಡಿತು.

“ರೀ!” ಶುಭಾ ಚೀರಿದಳು. “ಹಿಂದೆ ಯಾರಿದಾರೆ?”

ಮಗುವೊಂದು ಕಿಲಕಿಲ ನಕ್ಕಿತು. ಕೆಮ್ಮಿತು. ಏಳು ಎಂಟಲ ಐವತ್ತಾರು. ಅದೆಲ್ಲದರ ಕೆಳಗೆ, ಮ್ಯಾಟಿನ ಅಡಿಯಿಂದ, ಲಬ್ ಡಬ್. ಲಬ್ ಡಬ್. ನಿಧಾನಕ್ಕೆ.

“ಗಿರಿನಗರದ ಡಾಕ್ಟರ್ ಅಂದಿದ್ದು ಸುಳ್ಳು,” ಶಶಿಕಾಂತ್ ಒದರಿದ. “ಜರಗನಹಳ್ಳೀಲಿ ತಗೊಂಡೆ. ಬೇಡ ಅಂತ ಎಚ್ಚರಿಸಿದ್ರು. ನಾನು ಕೇಳ್ಲಿಲ್ಲ.”

ಡಿಕ್ಕಿಯ ಗೆಜ್ಜೆ ನಿಂತಿತು. ಚೈತ್ರಳ ಕಾಲು ಮಿಸುಕಿತು. ಗಲ್.

“ಗಂಟು ತೆಗೆದಿಲ್ಲ. ಶರಬತ್ತು ಗಿರಬತ್ತು ಏನಿಲ್ಲ. ಮುಟ್ಟೋಕೆ ಧೈರ್ಯ ಬರ್ಲಿಲ್ಲ. ಮ್ಯಾಟ್ ಮುಚ್ಚಿ ಬಂದೆ.”

ಮಗ್ಗಿ ನಿಂತಿತು. “ಅಮ್ಮ,” ಎಂದಳು ಚೈತ್ರ. ಪಿಸುದನಿ. ಶುಭಾ ಬಿಕ್ಕಿದಳು. ಆದರೆ ಮಗುವಿನ ತುಟಿ ಕಪ್ಪಾಗುತ್ತಿತ್ತು. ಕೆಳಗಿನ ಬಡಿತದ ನಡುವೆ ಅಂತರ ಹೆಚ್ಚುತ್ತಿತ್ತು. ಲಬ್. ಡಬ್.

“ಇನ್ನೊಂದು,” ಎಂದು ಅವನು ಕನ್ನಡಿಯಲ್ಲಿ ಅತ್ತೆಯನ್ನು ನೋಡಿದ. ಸೀತಮ್ಮ ಆಗಲೇ ಅರ್ಥ ಮಾಡಿಕೊಂಡಿದ್ದರು. “ಅತ್ತೆ, ಮಾವನ ಅಸ್ಥಿ… ಶ್ರೀರಂಗಪಟ್ಟಣದ ಹತ್ತಿರದವರೆಗೂ ಹೋದೆ. ಭಯಂಕರ ಟ್ರಾಫಿಕ್. ಹತ್ತು ಸಾವಿರ ಗಾಡಿ ನಿಂತಿತ್ತು. ದಾರೀಲೇ ಒಂದು ಒಳ್ಳೇ ಹೊಳೆ ಸಿಕ್ತು, ತಿಳಿನೀರು, ಅಲ್ಲಿ ಶಾಸ್ತ್ರೋಕ್ತವಾಗಿ…”

ಬಡಿತ ನಿಂತಿತು.

ಚೈತ್ರಳ ಕುತ್ತಿಗೆ ಹಿಂದಕ್ಕೆ ವಾಲಿತು. “ಪುಟ್ಟಿ! ಪುಟ್ಟೀ!” ಶುಭಾ ಅವಳ ಕೆನ್ನೆ ತಟ್ಟಿದಳು. ರ‍್ಯಾಂಪಿನ ಬೆಳಕು ಒಂದು ಗೆರೆಯಷ್ಟೇ ಉಳಿದಿತ್ತು. ಶುಭಾ ಗಂಡನ ಕಾಲರು ಹಿಡಿದು ಹಿಂದಕ್ಕೆ ಎಳೆದಳು. “ಆವತ್ತು ಟೋಲ್ ಮೆಸೇಜೇ ಬರ್ಲಿಲ್ಲ! ಫಾಸ್ಟ್ಯಾಗ್ ನನ್ನ ಫೋನಿಗಿದೆ. ಸರ್ವಿಸ್ ರೋಡಲ್ಲಿ ಹೋಗಿರ್ತೀರ ಅಂತ ನಂಬ್ದೆ. ನೀವು ಬಿಡದಿ ಕೂಡ ದಾಟಿಲ್ಲ. ಎಲ್ಲಿಗ್ರೀ ಹೋಗಿದ್ರಿ?”

ಉಬ್ಬಿಸುವುದಕ್ಕೆ ಇನ್ನೇನೂ ಉಳಿದಿರಲಿಲ್ಲ.

“ಕೆಂಗೇರಿ,” ಎಂದ. “ಕೆಂಗೇರಿ ತನಕ ಹೋದೆ. ಮೋರಿ ಸೇತುವೆ. ವೃಷಭಾವತಿಗೆ ಸುರಿದೆ. ಮಂತ್ರ ಇಲ್ಲ. ಪುರೋಹಿತ್ರಿಲ್ಲ. ನೊರೆ ಇತ್ತು, ನಾತ ಇತ್ತು. ಮಡಕೆ ಕಂಬಕ್ಕೆ ತಾಗಿ ಒಡೀತು. ನಾನು ನಿಂತು ನೋಡ್ಲಿಲ್ಲ.”

ಸೀತಮ್ಮ ಒಂದು ಸಲ, “ರಾಮ,” ಎಂದರು. ಅದು ದೇವರ ಹೆಸರೋ ಗಂಡನ ಹೆಸರೋ.

“ಟ್ರಾಫಿಕ್ ಇರ್ಲಿಲ್ಲ ಅತ್ತೆ. ಭಯ ಆಯ್ತು. ಗಾಡೀಲಿ ನಾನೊಬ್ನೇ. ಹಿಂದೆ ಗೆಜ್ಜೆ ಸದ್ದು. ಕೆಮ್ಮು. ಶ್ರೀರಂಗಪಟ್ಟಣದ ತನಕ ಆ ಸದ್ದಿನ ಜೊತೆ ಕೂರೋಕೆ ನನ್ನ ಕೈಲಿ ಆಗ್ಲಿಲ್ಲ. ನಾನು ಹೇಡಿ. ಆಮೇಲೆ ನೀವು ಕೇಳಿದ್ರಿ. ಹೇಡಿ ಅಂತ ಹೇಳ್ಕೊಳ್ಳೋಕೆ ಆಗದೆ ಮಗು ತಲೆ ಮುಟ್ಟಿದೆ.”

ಕತ್ತಲಲ್ಲಿ ಯಾರೋ ನೀರಿನೊಳಗಿಂದ ತಲೆಯೆತ್ತಿದಂತೆ ದೊಡ್ಡದಾಗಿ ಉಸಿರೆಳೆದರು. ಚೈತ್ರ. ಕೆಮ್ಮಿದಳು. ಜೋರಾಗಿ, ಗಂಟಲು ಹರಿಯುವಂತೆ ಅತ್ತಳು. ಹಿಮ್ಮಡಿಯಿಂದ ಸೀಟು ಒದ್ದಳು, ಗೆಜ್ಜೆ ಗಲಗಲ ಎಂದಿತು. ಶುಭಾ ಅವಳ ಎದೆಗೆ ಕಿವಿಯಿಟ್ಟು ಅಲ್ಲೇ ಉಳಿದಳು.

ಸೀತಮ್ಮ ಬಾಗಿಲು ತೆರೆದು ಇಳಿದರು.  “ಕೆಂಗೇರಿ ಸೇತುವೆ ಅಂದ್ರಲ್ಲ,” ಎಂದು ಮಾತ್ರ ಕೇಳಿದರು. ಅವನು ತಲೆಯಾಡಿಸಿದ. ಕಂಬ ಹಿಡಿದುಕೊಂಡು, ಕತ್ತಲಲ್ಲಿ ದಾರಿ ತಡವುತ್ತ, ರ‍್ಯಾಂಪಿನ ಕಡೆ ನಡೆದರು. ಶುಭಾ ಮಗಳನ್ನು ಎತ್ತಿಕೊಂಡು ಅಮ್ಮನ ಹಿಂದೆ ಇಳಿದಳು. ಆದರೆ ಚೈತ್ರ ಅವಳ ಹೆಗಲಿನಿಂದ ಜಾರಿ, ತೆರೆದ ಬಾಗಿಲ ಬಳಿ ಬಂದು ನಿಂತಳು. ಅಷ್ಟು ದಿನ ಮಾತಿಲ್ಲದೆ ಇದ್ದ ದನಿ ಇನ್ನೂ ಒರಟಾಗಿತ್ತು.

“ಅಪ್ಪ, ಹಿಂದೆ ಕೆಮ್ತಾ ಇದ್ದಿದ್ದು ನಾನೇ. ಆವತ್ತು ಕೆಂಗೇರೀಲಿ. ನಾನು ಅಂತ ನಿಂಗೆ ಗೊತ್ತಿತ್ತಾ?”

ಇಲ್ಲ ಎನ್ನಬಹುದಿತ್ತು. ಯಾರೂ ಆಣೆ ಕೇಳಿರಲಿಲ್ಲ. ಅವನ ಬಾಯಿಯಲ್ಲಿ ಒಂದು ಸುಳ್ಳು, ಬಣ್ಣಬಣ್ಣದ್ದು, ಆಗಲೇ ಸಿದ್ಧವಾಗಿ ನಿಂತಿತ್ತು.

“ಗೊತ್ತಿತ್ತು ಪುಟ್ಟಿ,” ಎಂದ. “ಗೊತ್ತಿದ್ದೇ ನಿನ್ನ ಮೇಲೆ ಆಣೆ ಇಟ್ಟೆ.”